ಕೈ ಕೊಡ್ಬೇಡ ಕಣೇ

ನಮ್ಮತ್ತಿಗೆ ನನ್ನ ಎದೆ ಮೇಲೆ ಕೂತಿರ್ತಿದ್ದರು ಅಂದರೆ ಬೇರೆ ಅರ್ಥ ಮಾಡ್ಕೋಬೇಡಿ. ನಿಜವಾಗಿಯೂ ಕೂರುತ್ತಿದ್ದರು. ಬೇಲೂರಿನ ಒಂದು ಕಲ್ಯಾಣಮಂಟಪದ ಊಟದಮನೆಯಲ್ಲಿ, ಹಳೇ ಹಾಸಿಗೆಗಳ ಮೇಲೆ ಟಾರ್ಪಾಲು ಬಿಗಿದು ಮಾಡಿದ ಮೆತ್ತೆಯ ಮೇಲೆ, ಭಾನುವಾರ ಬೆಳಿಗ್ಗೆ ಬೆಳಿಗ್ಗೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿತ್ತು. ಮಿಲಿಟರಿಯಿಂದ ನಿವೃತ್ತರಾಗಿ ಬಂದ ಮೇಷ್ಟ್ರೊಬ್ಬರು ಅಲ್ಲಿ ಜಿಯು ಜಿಟ್ಸು ಅನ್ನೋ ಜಪಾನಿ ಕುಸ್ತಿ ಹೇಳಿಕೊಡುತ್ತಿದ್ದರು, ಮದುವೆ ಇಲ್ಲದ ಭಾನುವಾರ ಮಾತ್ರ. ನಾನು ಟಿ.ಸಿ.ಎಚ್. ಮುಗಿಸಿ ಟೀಚರ್ ಕೆಲಸದ ಆರ್ಡರಿಗೆ ಕಾಯುತ್ತಿದ್ದೆ. ಅಮ್ಮ ತೀರಿಕೊಂಡ ಮೇಲೆ ಇದ್ದದ್ದು ಅಣ್ಣ ಅತ್ತಿಗೆಯ ಮನೆಯಲ್ಲಿ. ಕ್ಲಾಸಿಗೆ ಸೇರ್ತೀನಿ ಅಂದಾಗ ಅಣ್ಣ, "ಅತ್ತಿಗೆ ಜೊತೇಲಿ ಬಂದ್ರೆ ಹೋಗು" ಅಂದ.

ವಾರವೆಲ್ಲಾ ಆಫೀಸಿಗೆ ಹೋಗುತ್ತಿದ್ದ ಅತ್ತಿಗೆ ಭಾನುವಾರ ಇಲ್ಲಿಗೂ ಬಂದರು. ಸೀರೆಯುಟ್ಟು, ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಹೂ ಕಟ್ಟುತ್ತಾ ಕೂತರು. ಎರಡನೇ ವಾರ ಮೇಷ್ಟ್ರು, "ಇಲ್ಲಿರೋರೆಲ್ಲಾ ಗಂಡುಹುಡುಗ್ರು. ಇವಳಿಗೆ ನೀವೇ ಜೋಡಿಯಾಗಿ ತಾಯಿ" ಅಂದರು. ಮೂರನೇ ವಾರಕ್ಕೆ ಅತ್ತಿಗೆ ಜನ್ಮದಲ್ಲಿ ಮೊದಲ ಸಲ ಚೂಡಿದಾರ ಹೊಲಿಸಿಕೊಂಡರು. ಸರಿ, ನನ್ನ ಗ್ರಹಚಾರ ಶುರುವಾಯ್ತು.

ಒಬ್ಬರು ಅಂಗಾತ ಮಲಗುವುದು, ಇನ್ನೊಬ್ಬರು ಎರಡೂ ಪಕ್ಕ ಮಂಡಿಯೂರಿ ಎದೆ ಮೇಲೆ ಕೂರುವುದು. ಇದಕ್ಕೆ ಮೇಷ್ಟ್ರು 'ಸವಾರಿ' ಅನ್ನುತ್ತಿದ್ದರು. ಕೆಳಗಿದ್ದವರು ತಪ್ಪಿಸಿಕೊಳ್ಳಲು ಒಂದು ದಾರಿ: ಮೇಲಿದ್ದವರ ಒಂದು ಕೈಯನ್ನು ಎದೆಗೆ ಬಿಗಿಯಾಗಿ ಅವಚಿಕೊಳ್ಳಬೇಕು, ಅದೇ ಪಕ್ಕದ ಅವರ ಪಾದಕ್ಕೆ ನಮ್ಮ ಪಾದ ಕೊಕ್ಕೆ ಹಾಕಬೇಕು, ನಮ್ಮ ಸೊಂಟ ಮೇಲಕ್ಕೆ ಎಗರಿಸಿ ಆ ಕಡೆಗೆ ಉರುಳಬೇಕು. ಊರಿಕೊಳ್ಳೋಕೆ ಕೈಯೂ ಇಲ್ಲ, ಕಾಲೂ ಇಲ್ಲ, ಎಷ್ಟೇ ದಪ್ಪ ಇದ್ದವರೂ ಮಗುಚಿಕೊಳ್ಳುತ್ತಾರೆ.

ನಾನು ಕೈ ಅವಚುತ್ತಿದ್ದೆ. ಪಾದ ಹಾಕುತ್ತಿದ್ದೆ. ಅಯ್ಯೋ, ಅತ್ತಿಗೆಗೆ ಕಾಲು ತಾಗಿತು! ನನ್ನ ಬಲಗೈ ನನ್ನನ್ನು ಕೇಳದೆ ಅವರನ್ನು ಬಿಟ್ಟು, ಅವರ ಮಂಡಿ ಮುಟ್ಟಿ, ನನ್ನ ಕಣ್ಣಿಗೆ ಒತ್ತಿಕೊಳ್ಳುತ್ತಿತ್ತು. ಹುಟ್ಟಿದಾಗಿನಿಂದ ಬಂದ ಅಭ್ಯಾಸ, ಏನು ಮಾಡೋದು? ಅತ್ತಿಗೆ ಅದಕ್ಕೇ ಕಾಯುತ್ತಿದ್ದರು. ಕಣ್ಣಿಗೆ ಹೋದ ಕೈಯ ಮಣಿಕಟ್ಟನ್ನು ಗಬಕ್ಕನೆ ಹಿಡಿದು ನೆಲಕ್ಕೊತ್ತಿ, ಮೊಣಕೈಯನ್ನು ಮೆಲ್ಲಗೆ ಮೇಲಕ್ಕೆತ್ತುತ್ತಿದ್ದರು. ಭುಜ ಕಿತ್ತುಹೋಗುತ್ತೆ ಅನ್ನಿಸಿದಾಗ ಟಾರ್ಪಾಲು ಬಡಿದು ಸೋತೆ ಅನ್ನಬೇಕು. ನಾನು ಬಡಿದು ಬಡಿದು ಆ ಜಾಗ ನುಣ್ಣಗಾಗಿತ್ತು.

"ಕೈ ಕೊಡ್ಬೇಡ ಕಣೇ ಅಂತ ಎಷ್ಟು ಸಲ ಹೇಳ್ಲಿ?" ಅನ್ನುತ್ತಿದ್ದರು, ಹಿಡಿದ ಕೈಯನ್ನು ಮಾತ್ರ ಬಿಡದೆ.

ಅಷ್ಟರಲ್ಲಿ ಆರ್ಡರ್ ಬಂತು. ಅರೇಹಳ್ಳಿಯಿಂದ ಒಳಗೆ ಮೂರು ಮೈಲಿ ನಡೆದು ಹೋಗಬೇಕಾದ ಊರಿನ ಶಾಲೆ. ದಿನಾ ಬೇಲೂರಿನಿಂದ ಹೋಗಿಬರೋಕಾಗಲ್ಲ, ಅರೇಹಳ್ಳಿಯಲ್ಲಿ ರೂಮು ಮಾಡಿಕೊಂಡಿರಬೇಕು. ಅಣ್ಣ, "ಹೆಣ್ಣುಹುಡುಗಿ ಒಬ್ಬಳೇ? ಬೇಡ" ಅಂದವನು ಪೇಪರು ಎತ್ತಿಕೊಂಡ. ನನಗೆ ಸಿಟ್ಟು ನೆತ್ತಿಗೇರಿತು. ಆ ಕೆಲಸ ನನಗೆ ಬೇಕೇ ಬೇಕಿತ್ತು. ಅತ್ತಿಗೆಯ ಕಾಲು ಹಿಡಿದೆ, ಅಣ್ಣನಿಗೆ ಒಂದು ಮಾತು ಹೇಳಿ ಅಂತ.

ಅತ್ತಿಗೆ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತದೆ, "ನನ್ನ ಕೆಳಗಿಂದ ಒಂದ್ಸಲ ಎದ್ದು ಬಾ. ಹೇಳ್ತೀನಿ" ಅಂದರು.

ಕೆಲಸಕ್ಕೆ ಹಾಜರಾಗಲು ಉಳಿದಿದ್ದದ್ದು ಮೂರು ಭಾನುವಾರ. ಮೊದಲನೆಯದು ಯಥಾಪ್ರಕಾರ, ಕಾಲು ತಾಗಿತು, ಕೈ ಹೋಯಿತು, ಟಾರ್ಪಾಲು ಬಡಿದೆ. ಎರಡನೆಯದಕ್ಕೆ ಮದುವೆ ಬಿತ್ತು. ನಾವು ಕುಸ್ತಿ ಆಡೋ ಜಾಗದಲ್ಲಿ ಯಾರೋ ಹೋಳಿಗೆ ಉಂಡರು. ವಾರವೆಲ್ಲಾ ಸುರುಳಿ ಸುತ್ತಿದ ಹಾಸಿಗೆಗೆ ಕಾಲು ಕೊಕ್ಕೆ ಹಾಕಿ ಅಭ್ಯಾಸ ಮಾಡಿದೆ. ಹಾಸಿಗೆಗಾದರೆ ಕೈ ಮುಗಿಯಬೇಕಿಲ್ಲವಲ್ಲ!

ಮೂರನೇ ಭಾನುವಾರ ಮಲಗುವ ಮುಂಚೆ ನನಗೆ ಏನೋ ಹೊಳೆಯಿತು. ಅತ್ತಿಗೆಯ ಎರಡೂ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಒಂದಲ್ಲ, ಹತ್ತು ಸಲ.

"ಇದೇನೇ?" ಅಂದರು ಅತ್ತಿಗೆ.

"ಇವತ್ತು ತಾಗೋದಕ್ಕೆಲ್ಲಾ ಈಗಲೇ."

ಮೇಷ್ಟ್ರು ಬಿದ್ದು ಬಿದ್ದು ನಕ್ಕರು. ಅತ್ತಿಗೆ ನಗಲಿಲ್ಲ. ಬಂದು ಕೂತರು, ಎಂದಿಗಿಂತ ಭಾರವಾಗಿ. ನಾನು ಕೈ ಅವಚಿದೆ. ಪಾದ ಹಾಕಿದೆ. ತಾಗಿತು. ಬಲಗೈ ಚುರುಚುರು ಅಂದಿತು, ಆದರೆ ಅಲುಗಲಿಲ್ಲ. ಆಗಲೇ ಮುಗಿದಿದೆ ಅಂತ ಅದಕ್ಕೂ ಗೊತ್ತಿತ್ತೋ ಏನೋ! ಸೊಂಟ ಎಗರಿಸಿ ಉರುಳಿದೆ. ಕಣ್ಣು ಬಿಟ್ಟರೆ ನಾನು ಮೇಲೆ, ಅತ್ತಿಗೆ ಕೆಳಗೆ.

ಅವರು ಸೂರು ನೋಡುತ್ತಾ ಹಾಗೇ ಮಲಗಿದ್ದರು. "ಎದ್ದೆಯಲ್ಲೇ" ಅಂದರು, ಸಣ್ಣ ದನಿಯಲ್ಲಿ. ಪೆಟ್ಟಾಯ್ತೇನೋ ಅಂತ ನನಗೆ ಗಾಬರಿಯಾಯ್ತು.

ಅವತ್ತೇ ಸಂಜೆ ಕಾಫಿ ಕೊಡುತ್ತಾ, "ಅವಳು ಹೋಗ್ತಾಳೆ ರೀ" ಅಂದರು. ಅಣ್ಣ "ಹ್ಞೂಂ" ಅಂದ. ಅಷ್ಟೇ! ಎರಡು ಮಾತಿಗೆ ಮುಗಿದುಹೋಯ್ತು. ಅಣ್ಣ ಅತ್ತಿಗೆಯ ಮಾತಿಗೆ ಎಂದೂ ಎದುರಾಡಿದವನಲ್ಲ, ಅದು ಅವರಿಗೂ ಗೊತ್ತು, ನನಗೂ ಗೊತ್ತು. ಹಾಗಾದರೆ ಈ ಮಾತು ಆಡಿಸೋಕೆ ನಾನು ಇಷ್ಟು ಒದ್ದಾಡಬೇಕಿತ್ತಾ ಅಂತ ಒಳಗೊಳಗೇ ಬೈದುಕೊಂಡೆ.

ಅರೇಹಳ್ಳಿ ಬಸ್ಸು ಹತ್ತಿಸಲು ಅತ್ತಿಗೆ ಆಫೀಸಿಗೆ ರಜಾ ಹಾಕಿ ಬಂದರು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಕಿಟಕಿಯಿಂದ ಒಳಗಿಟ್ಟರು. ಬಾಗಿಲ ಚಿಲಕದ ಬಗ್ಗೆ ನಾಲ್ಕು ಸಲ ಹೇಳಿದರು. "ಭಾನುವಾರ ಕ್ಲಾಸಿಗೆ ಹೋಗ್ತೀರಲ್ಲ?" ಅಂತ ಕೇಳಿದೆ.

"ಯಾರ ಜೊತೆ?" ಅಂದರು.

ಆಮೇಲೆ ಬೇರೆಲ್ಲೋ ನೋಡುತ್ತಾ, "ಕೈ ಕೊಡ್ಬೇಡ, ಕೈ ಕೊಡ್ಬೇಡ ಅಂತ ಬಡ್ಕೊಂಡೆ. ಕೊನೆಗೆ ನನಗೇ ಕೈ ಕೊಟ್ಟೆಯಲ್ಲೇ" ಅಂದರು.

ಆಗ ಗೊತ್ತಾಯಿತು ನನಗೆ, ಇವರು ಇಷ್ಟು ದಿನ ನನ್ನನ್ನು ಯಾಕೆ ಏಳೋಕೆ ಬಿಡಲಿಲ್ಲ ಅಂತ. ಕಿಟಕಿಯಿಂದ ಬಲಗೈ ಹೊರಗೆ ಚಾಚಿದೆ. ಅತ್ತಿಗೆ ಮಣಿಕಟ್ಟು ಹಿಡಿದುಕೊಂಡರು, ಟಾರ್ಪಾಲಿನ ಮೇಲೆ ಹಿಡಿಯುತ್ತಿದ್ದ ಹಾಗೇ, ಬಿಗಿಯಾಗಿ. ಕಂಡಕ್ಟರು "ರೈಟ್" ಅನ್ನುವವರೆಗೂ ನಾನು ಬಿಡಿಸಿಕೊಳ್ಳಲಿಲ್ಲ.