ಹೊಲಿದವರೇ ಮೊದಲು ಹತ್ತಬೇಕು

ಸಂಕ್ರಾಂತಿಗೆ ಎರಡು ವಾರ ಇರುವಾಗ ಒಂದು ಬೆಳಿಗ್ಗೆ ಬಳ್ಳಾರಿ ನಿಲ್ದಾಣದಲ್ಲಿ ಇಳಿದೆ. ಮೈಸೂರಿನಿಂದ ಬಂದ ರೈಲು ತಡವಾಗಿತ್ತು. ಸಾಮಾನು ಒಂದೇ ಕೈಚೀಲ. ನಿಲ್ದಾಣದ ಹೊರಗೆ ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ ತಿಂದು ಚಹಾ ಕುಡಿದೆ. ಮಿರ್ಚಿ ಬೇಡವೆಂದು ನಮ್ಮ ವೈದ್ಯರು ಹೇಳಿದ್ದಾರೆ. ವಿಮಾನ ಹತ್ತುವುದೂ ಬೇಡವೆಂದಿದ್ದಾರೆ. ಈ ಪ್ರವಾಸದಲ್ಲಿ ಎರಡನ್ನೂ ಮೀರುವುದೆಂದು ಮನೆಯಲ್ಲೇ ತೀರ್ಮಾನಿಸಿಕೊಂಡು ಹೊರಟಿದ್ದೆ.

ವಾಯುಪಡೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ನಾನು ವಿಮಾನದ ಮೈ ನೋಡಿಕೊಳ್ಳುವ ವಿಭಾಗದಲ್ಲಿದ್ದೆ. ಆಗಿನ ಹಲವು ವಿಮಾನಗಳ ಬಾಲಕ್ಕೆ, ಕೆಲವುಗಳ ರೆಕ್ಕೆಗೂ ಬಟ್ಟೆ ಹೊದಿಸಿ ಹೊಲಿಯುತ್ತಿದ್ದೆವು. ಸೇರಿದ ಹೊಸತರಲ್ಲಿ ತರಬೇತಿ ಶಾಲೆಯವರು ಉಳಿಸಿಕೊಂಡಿದ್ದ ಒಂದು ಟೈಗರ್ ಮಾತ್ ವಿಮಾನದಲ್ಲಿ ನನ್ನನ್ನು ಮೊದಲ ಸಲ ಮೇಲಕ್ಕೆ ಒಯ್ದಿದ್ದರು. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ನಡುವೆ ಬಿಗಿದ ತಂತಿಗಳು, ಒಂದರ ಹಿಂದೊಂದು ತೆರೆದ ಎರಡು ಗೂಡು. ಮೇಲೆ ಮುಚ್ಚಳವಿಲ್ಲ. ತಂತಿಗಳು ಗಾಳಿಗೆ ಹಾಡುತ್ತವೆ, ಎಂಜಿನ್ನಿನ ಬಿಸಿ ಎಣ್ಣೆಯ ವಾಸನೆ ಮುಖಕ್ಕೆ ಬರುತ್ತದೆ, ಕೆನ್ನೆಯ ಚರ್ಮ ಹಿಂದಕ್ಕೆ ಜಗ್ಗುತ್ತದೆ. ಆಮೇಲೆ ದೊಡ್ಡ ವಿಮಾನಗಳಲ್ಲಿ ಎಷ್ಟೋ ಸಲ ಕೂತೆ. ಡಕೋಟಾದಲ್ಲಿ ಅಕ್ಕಿ ಮೂಟೆಗಳ ಮೇಲೆ ನಿದ್ದೆ ಮಾಡಿಕೊಂಡು ಹಿಮಾಲಯ ದಾಟಿದ್ದೇನೆ. ಆ ಮೊದಲ ಹಾರಾಟದಂಥದ್ದು ಮತ್ತೆ ಸಿಗಲಿಲ್ಲ.

ಈಗ ಸಿಗುವುದಿತ್ತು. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ನಡೆಸುವ ಪಂಪನಗೌಡರು ಐವತ್ತರ ಆಸುಪಾಸಿನವರು, ಹಾರಾಟ ಕಲಿತು ಪರವಾನಗಿ ಪಡೆದವರು. ಉತ್ತರದ ಯಾವುದೋ ಹರಾಜಿನಲ್ಲಿ ಎಲುಬಿನ ಗೂಡಾಗಿ ಬಿದ್ದಿದ್ದ ಒಂದು ಟೈಗರ್ ಮಾತ್ ಕೊಂಡು ಕೆಲವು ವರ್ಷಗಳಿಂದ ಅದಕ್ಕೆ ಜೀವ ತುಂಬುತ್ತಿದ್ದರು. ರೆಕ್ಕೆಯ ಹೊಲಿಗೆಯನ್ನು ನಾನು ಬಂದು ನೋಡಬೇಕೆಂದು ಫೋನಿನಲ್ಲಿ ಕೇಳಿಕೊಂಡಿದ್ದರು. ಈ ವಿಮಾನವನ್ನು ನಡೆಸುವವನು ಹಿಂದಿನ ಗೂಡಿನಲ್ಲಿ ಕೂರುತ್ತಾನೆ. "ಮುಂದಿನ ಸೀಟು ನಿಮ್ದ ಸರ," ಎಂದಿದ್ದರು ಗೌಡರು.

ಹಾರುವ ಜಾಗ ಕುರುಗೋಡಿನ ಹತ್ತಿರ ಅವರ ಭಾವಮೈದುನನ ಹೊಲ. ಭತ್ತ ಕೊಯ್ದು, ಬದು ತೆಗೆದು, ರೋಲರ್ ಹೊಡೆಸಿದ್ದರು. ಸಂಕ್ರಾಂತಿ ಮುಗಿದೊಡನೆ ಎರಡನೇ ಬೆಳೆಗೆ ಕಾಲುವೆ ನೀರು ಬರುತ್ತದೆ, ಹೊಲ ಕೆಸರುಗದ್ದೆಯಾಗುತ್ತದೆ. ಹಾರಾಟಕ್ಕೆ ಸಿಕ್ಕಿದ್ದ ಅನುಮತಿ ಒಂದೇ ದಿನದ್ದು, ಬೆಳಿಗ್ಗೆ ಎಂಟರವರೆಗೆ ಮಾತ್ರ. ಅದು ತಪ್ಪಿದರೆ ಮುಂದಿನ ಚಳಿಗಾಲದವರೆಗೆ ವಿಮಾನ ಗಿರಣಿಯ ಗೋದಾಮು ಸೇರುತ್ತದೆ. ನನಗೆ ಎಂಬತ್ತು. ಮುಂದಿನ ಚಳಿಗಾಲದ ಮೇಲೆ ಲೆಕ್ಕ ಹಾಕುವ ವಯಸ್ಸಲ್ಲ.

ರೆಕ್ಕೆಗಳಿದ್ದದ್ದು ಕೌಲ್ ಬಜಾರಿನಲ್ಲಿ. ನಿಲ್ದಾಣದಿಂದ ಆಟೋ ಹಿಡಿದೆ. ಇಕ್ಕಟ್ಟಾದ ಓಣಿಗಳು, ಪ್ರತಿ ಮೂರನೇ ಮನೆಯಿಂದ ಹೊಲಿಗೆ ಯಂತ್ರದ ಸದ್ದು. ಬಳ್ಳಾರಿಯ ಜೀನ್ಸ್ ಪ್ಯಾಂಟುಗಳು ಹುಟ್ಟುವುದು ಇಲ್ಲೇ. ನೂರ್ಜಾನ್ ಮತ್ತು ಅವರ ಗಂಡ ಖಾದರ್ ಅವರ ಶೆಡ್ಡಿನಲ್ಲಿ ಎಂಟು ಯಂತ್ರಗಳನ್ನು ಒಂದು ಬದಿಗೆ ಸರಿಸಿ ನಾಲ್ಕು ರೆಕ್ಕೆಗಳನ್ನು ಗೋಡೆಗೆ ಒರಗಿಸಿದ್ದರು. ಖಾದರ್ ಬಟ್ಟೆ ಕತ್ತರಿಸುವವರು, ನೂರ್ಜಾನ್ ಹೊಲಿಯುವವರು. ಗೌಡರು ಮಾದರಿ ತೋರಿಸಿ ಕೆಲಸ ಒಪ್ಪಿಸಿದ್ದರು.

"ಬರ್ರಿ ಸರ," ಎಂದರು ಖಾದರ್. "ಇಷ್ಟ್ ಉದ್ದದ ಪ್ಯಾಂಟ್ ನಾವು ಹೊಲಿದಿದ್ದಿಲ್ಲ. ಸೊಂಟ ಯಾವ್ದು, ಕಾಲು ಯಾವ್ದು ಅಂತ ಇನ್ನೂ ಗೊತ್ತಾಗವಲ್ದು."

"ಈ ಮನಷಾಗ ಇದ ಕೆಲಸ ನೋಡ್ರಿ ದಿನಾ," ಎಂದರು ನೂರ್ಜಾನ್. ನಲವತ್ತೈದು ದಾಟಿದ ಹೆಂಗಸು, ಗಟ್ಟಿ ಕೈ, ಮಾತಿಗೆ ಮಾತು.

ರೆಕ್ಕೆಯೊಳಗೆ ಮರದ ಪಕ್ಕೆಲುಬುಗಳಿರುತ್ತವೆ. ಬಟ್ಟೆಯನ್ನು ಪ್ರತಿಯೊಂದು ಪಕ್ಕೆಲುಬಿಗೂ ಮೇಣ ಹಚ್ಚಿದ ದಾರದಿಂದ, ಗಂಟು ಹಾಕುತ್ತ, ಸಮ ಅಂತರದಲ್ಲಿ ಬಿಗಿಯಬೇಕು. ಮೇಲಕ್ಕೆ ಜಗ್ಗುವ ಗಾಳಿಯನ್ನು ತಡೆಯುವುದು ಆ ಗಂಟುಗಳೇ. ಕನ್ನಡಕ ಹಾಕಿಕೊಂಡು ಸಂಜೆಯವರೆಗೆ ನೋಡಿದೆ. ಎಡಗಡೆಯ ಕೆಳರೆಕ್ಕೆಯಲ್ಲಿ ಒಂದು ಸಾಲು ಬಿಟ್ಟರೆ ಉಳಿದದ್ದೆಲ್ಲ ಚೊಕ್ಕ. ಆ ಸಾಲಿನಲ್ಲಿ ಗಂಟುಗಳು ಒಂದು ಹತ್ತಿರ, ಒಂದು ದೂರ. ಅವತ್ತು ನಾದಿನಿಯ ಮಗಳ ಮದುವೆಗೆ ಹೋಗುವ ಆತುರವಿತ್ತೆಂದು ನೂರ್ಜಾನ್ ಮುಚ್ಚುಮರೆಯಿಲ್ಲದೆ ಹೇಳಿದರು. ಮೇಲೆ ಪಟ್ಟಿ ಅಂಟಿಸಿದರೆ ಯಾರಿಗೂ ಕಾಣುವುದಿಲ್ಲ, ಒಂದು ಸಾಲಿನಿಂದ ಏನಾದೀತು ಎಂದೂ ಕೇಳಿದರು.

ನಾನು ಗದರಲಿಲ್ಲ. ನಮ್ಮ ವಿಭಾಗದ ಪದ್ಧತಿಯೊಂದನ್ನು ಹೇಳಿದೆ. ಬಟ್ಟೆ ಹೊದಿಸಿದ ವಿಮಾನ ಮೊದಲ ಸಲ ಏರುವಾಗ ಪೈಲಟ್ ತಿರುಗಿ ನೋಡಿ, ಇದನ್ನು ಹೊಲಿದವನು ಯಾರು ಎಂದು ಕೇಳುತ್ತಿದ್ದ. ಹೊಲಿದವನೇ ಮೊದಲು ಹತ್ತಿ ಪಕ್ಕದಲ್ಲಿ ಕೂರಬೇಕು. ಅದಕ್ಕೇ ನಮ್ಮಲ್ಲಿ ಯಾರೂ ಮದುವೆಯ ಆತುರದಲ್ಲಿ ಹೊಲಿಯುತ್ತಿರಲಿಲ್ಲ.

ನೂರ್ಜಾನ್ ಆ ಸಾಲಿನ ಮೇಲೆ ಒಮ್ಮೆ ಬೆರಳೆಳೆದರು. ಕತ್ತರಿ ತೆಗೆದುಕೊಂಡು ಆ ಸಾಲನ್ನು ಪೂರ್ತಿ ಬಿಚ್ಚಿದರು. ಮರುದಿನ ಹೊಸದಾಗಿ ಹೊಲಿಯುವಾಗ ನಾನೂ ಕೂತೆ. ರೆಕ್ಕೆಯನ್ನು ನಿಲ್ಲಿಸಿ, ಮೊಳದುದ್ದದ ಸೂಜಿಯನ್ನು ಅವರು ಆ ಕಡೆಯಿಂದ ದೂಡಬೇಕು, ನಾನು ಈ ಕಡೆಯಿಂದ ಹಿಂತಿರುಗಿಸಬೇಕು. ಅವರ ಮುಖ ನನಗೆ ಕಾಣದು, ಸೂಜಿ ಮಾತ್ರ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ 'ಸರ' ಹೋಗಿ 'ಅಜ್ಜಾರ' ಆಗಿದ್ದೆ.

ಪಟ್ಟಿ ಅಂಟಿಸಿ, ಡೋಪ್ ಎಂಬ ದ್ರವವನ್ನು ಪದರ ಪದರವಾಗಿ ಬಳಿಯಲು ಒಂದು ವಾರ ಹಿಡಿಯಿತು. ಅದು ಒಣಗಿದಂತೆ ಬಟ್ಟೆ ಬಿಗಿಯುತ್ತದೆ. ಕೊನೆಗೆ ಬೆರಳಿನಿಂದ ಹೊಡೆದರೆ ಬೆಂಕಿಗೆ ಕಾಯಿಸಿದ ಹಲಿಗೆ ವಾದ್ಯದ ಸದ್ದು. ವಾಸನೆ ಮಾತ್ರ ಉಗುರುಬಣ್ಣದ್ದು. ಓಣಿಯ ಹೆಂಗಸರು ಬಂದು ಯಾವ ಮದುಮಗಳಿಗೆ ಇಷ್ಟೊಂದು ಬಣ್ಣ ಎಂದು ಕೇಳಿ ಹೋದರು. ಸರ್ಕಾರದ ಇಂಜಿನಿಯರೊಬ್ಬರು ಬಂದು ಪರೀಕ್ಷಿಸಿ ರುಜು ಹಾಕಿದರು. ಖಾದರ್ ರೆಕ್ಕೆಗಳನ್ನು ಮಿನಿ ಲಾರಿಯಲ್ಲಿ ಹೇರಿಸಿಕೊಂಡು ನೇರ ಕುರುಗೋಡಿಗೆ ಹೊರಟರು. ನಾನು ಸಿರುಗುಪ್ಪದ ಬಸ್ಸು ಹತ್ತಿದೆ, ವಿಮಾನದ ಮೈ ಅಲ್ಲಿತ್ತು.

ಸುಮಾರು ಅರವತ್ತು ಕಿಲೋಮೀಟರಿನ ದಾರಿ. ತೆಕ್ಕಲಕೋಟೆ ದಾಟಿದ ಮೇಲೆ ಎರಡೂ ಕಡೆ ಕೊಯ್ದ ಗದ್ದೆಗಳು, ರಸ್ತೆಯ ಅರ್ಧಕ್ಕೆ ಒಣಹಾಕಿದ ಭತ್ತ. ಕರೂರಿಗೆ ಹೋಗಬೇಕಿದ್ದ ಕೂಲಿ ಹೆಂಗಸರು ಬಸ್ಸಿನ ಹಿಂಭಾಗವನ್ನೆಲ್ಲ ತುಂಬಿದ್ದರು, ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಗಿರಣಿಯಲ್ಲಿ ತೌಡಿನ ಧೂಳಿನ ನಡುವೆ, ಹಳದಿ ಬಣ್ಣ ಬಳಿದ ವಿಮಾನ ರೆಕ್ಕೆಯಿಲ್ಲದೆ ನಿಂತಿತ್ತು. ನೋಡಿದೊಡನೆ ಅದರ ಮೂಗು ಸವರಿದೆ. ಇದಕ್ಕೆ ಕಾರಣ ಕೇಳಬೇಡಿ.

ಸಂಜೆ ಗೌಡರು ಕೆಂಚನಗುಡ್ಡಕ್ಕೆ ಕರೆದೊಯ್ದರು. ಹಳೆಯ ಕಟ್ಟಡಗಳ ಅವಶೇಷ, ಕೆಳಗೆ ಬಂಡೆಗಳ ನಡುವೆ ತುಂಗಭದ್ರೆ. ನೀರುಕಾಗೆಗಳು ಒಂದೊಂದೇ ಬಂದು ಗಾಳಿಗೆ ಎದುರಾಗಿ ತಿರುಗಿ ಬಂಡೆಗೆ ಇಳಿಯುವುದನ್ನು ನಾವಿಬ್ಬರೂ ಕತ್ತಲಾಗುವವರೆಗೆ ನೋಡಿದೆವು. ಒಂದು ಹಕ್ಕಿ ಕಾಲು ಜಾರಿ ನೀರಿಗೆ ಬಿತ್ತು. ಗೌಡರು ಅದನ್ನು ಅಪಶಕುನ ಎನ್ನಲಿಲ್ಲ, ವೇಗ ಜಾಸ್ತಿಯಾಯಿತು ಎಂದರು. ಇಂಥವರ ಹಿಂದೆ ಅಲ್ಲ, ಮುಂದೆ ಕೂರಲು ನನಗೆ ಯಾವ ಅಂಜಿಕೆಯೂ ಉಳಿಯಲಿಲ್ಲ.

ಮರುದಿನ ಟ್ರಾಕ್ಟರಿನ ಟ್ರೇಲರಿನಲ್ಲಿ ಭತ್ತದ ಹುಲ್ಲಿನ ಹಾಸಿಗೆ ಮಾಡಿ ವಿಮಾನವನ್ನು ಕಟ್ಟಿ ಕುರುಗೋಡಿಗೆ ತಂದೆವು. ಊರೂರಲ್ಲೂ ನಿಲ್ಲಿಸಿ ಕೇಳಿದರು. ಒಬ್ಬ ರೈತನಂತೂ ಪೂರ್ತಿ ಸುತ್ತು ಹಾಕಿ, "ಎಣ್ಣಿ ಹೊಡಿಯಾಕ ಏನ್ರಿ ಇದು? ಎಕರೆಗೆ ಎಷ್ಟು?" ಎಂದ. ಬೆಳೆಗೆ ಔಷಧಿ ಹೊಡೆಯುವ ಡ್ರೋನುಗಳನ್ನು ಕಂಡವನು ಅವನು. ಇದು ಅದರ ಮುತ್ತಜ್ಜ ಎಂದು ಗೌಡರು ಸಮಾಧಾನ ಹೇಳಿದರು.

ಕುರುಗೋಡಿನಲ್ಲಿ ಎರಡು ದಿನ ರೆಕ್ಕೆ ಜೋಡಿಸಿ ತಂತಿ ಬಿಗಿಯುವುದರಲ್ಲಿ ಕಳೆಯಿತು. ಊಟ ಗೌಡರ ಭಾವಮೈದುನನ ಮನೆಯಲ್ಲಿ: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಹೊಲದ ತುದಿಗೆ ಬಂಡೆಗಳ ಗುಡ್ಡ.

ಅನುಮತಿಯ ದಿನ ಐದಕ್ಕೇ ಎದ್ದು ಕ್ಷೌರ ಮಾಡಿಕೊಂಡು ಹೊಲಕ್ಕೆ ಹೋದೆ. ಮಂಜಿತ್ತು, ಹಾರುವಂತಿರಲಿಲ್ಲ. ಏಳೂವರೆಯ ಹೊತ್ತಿಗೆ ಅದು ತೆಳುವಾಗುತ್ತಿದ್ದಾಗ ಒಂದು ಮೋಟಾರ್ ಸೈಕಲ್ ಬಂತು. ಖಾದರ್, ಹಿಂದೆ ನೂರ್ಜಾನ್. ಬಳ್ಳಾರಿಯಿಂದ ಆ ಚಳಿಯಲ್ಲಿ ಬಂದಿದ್ದರು. ನೂರ್ಜಾನ್ ಸ್ವೆಟರಿನ ಮೇಲೆ ದುಪಟ್ಟಾವನ್ನು ತಲೆಗೆ, ಕತ್ತಿಗೆ ಬಿಗಿಯಾಗಿ ಸುತ್ತಿಕೊಂಡಿದ್ದರು.

"ನೋಡಾಕ ಬಂದ್ರೇನು? ಬರ್ರಿ, ಚಾ ಕುಡೀರಿ," ಎಂದರು ಗೌಡರು.

"ನೋಡಾಕ ಅಲ್ರಿ ಗೌಡ್ರ. ಹತ್ತಾಕ ಬಂದೀನಿ."

ಗೌಡರು ನನ್ನ ಮುಖ ನೋಡಿದರು. ಎಂಟರೊಳಗೆ ಒಂದೇ ಸುತ್ತಿಗೆ ವೇಳೆ ಉಳಿದಿತ್ತು. ಖಾದರ್ ಅವತ್ತು ತಮಾಷೆ ಮಾಡಲಿಲ್ಲ. ಅಕಿ ವಾರದಿಂದ ಸರಿಯಾಗಿ ಊಟ ಮಾಡಿಲ್ಲ, ನೀವಾದರೂ ಹೇಳಿ ಎಂದು ನನ್ನ ಕಡೆ ತಿರುಗಿದರು.

ನಾನು ಆಕೆಯನ್ನು ಪಕ್ಕಕ್ಕೆ ಕರೆದು ಹೇಳಿದೆ. ಅದು ನಮ್ಮ ಹಳೆಯ ಪದ್ಧತಿ, ಕಾಯಿದೆಯಲ್ಲ. ನಿಮ್ಮನ್ನು ಯಾರೂ ಏನೂ ಅನ್ನುವುದಿಲ್ಲ, ನಿಶ್ಚಿಂತೆಯಾಗಿರಿ. ನಾನು ಹೇಳುತ್ತಿದ್ದದ್ದೆಲ್ಲ ನಿಜವೇ. ಆದರೆ ಆ ನಿಜದ ಕೊನೆಯಲ್ಲಿ ಮುಂದಿನ ಸೀಟಿನಲ್ಲಿ ನಾನು ಕೂತಿದ್ದೆ. ಅದು ನನಗೆ ಗೊತ್ತಿತ್ತು.

"ಕಾಯಿದೆ ಅಲ್ಲ ಅಂದ್ರ ಅವತ್ತ ಹೇಳಬೇಕಿತ್ತು ಅಜ್ಜಾರ," ಎಂದರು ನೂರ್ಜಾನ್. "ನಾ ಅದನ್ನ ನಂಬಿ ಆ ಸಾಲು ಬಿಚ್ಚಿದೆ."

ಆಕೆ ಕೈಗಳನ್ನು ಸ್ವೆಟರಿನ ತೋಳಿನೊಳಗೆ ಎಳೆದುಕೊಂಡರು.

"ಹತ್ತಾಕ ಅಂಜಿಕಿ ಐತ್ರಿ, ಇಲ್ಲ ಅನ್ನಂಗಿಲ್ಲ. ಆದ್ರ ನನ್ನ ಹೊಲಿಗಿ ಮ್ಯಾಲ ನಿಮ್ಮನ್ನ ಕಳಿಸಿ, ಇಲ್ಲಿ ನಿಂತು ಮ್ಯಾಲ ನೋಡೂದು ಐತಲ್ಲ, ಅದು ನನ್ನಿಂದ ಆಗಂಗಿಲ್ಲ."

ಈ ಪದ್ಧತಿಯನ್ನು ನಾವೆಲ್ಲ ಒಂದು ಶಿಕ್ಷೆಯೆಂದೇ ತಿಳಿದಿದ್ದೆವು. ಕಿರಿಯರನ್ನು ಹೆದರಿಸಲು ನಾನೇ ಎಷ್ಟೋ ಸಲ ಬಳಸಿದ್ದೇನೆ. ಹತ್ತುವುದು ಸುಲಭದ ಪಾಲು ಎಂದು ಯಾರೂ ನನಗೆ ಹೇಳಿರಲಿಲ್ಲ.

ಹಾರಾಟಕ್ಕೆಂದು ಹಾಕಿಕೊಂಡಿದ್ದ ನನ್ನ ಚರ್ಮದ ಟೋಪಿಯನ್ನು ತೆಗೆದು ಆಕೆಗೆ ಕೊಟ್ಟೆ. ರೆಕ್ಕೆಯ ಮೇಲೆ ಎಲ್ಲಿ ಕಾಲಿಡಬೇಕೆಂದು ತೋರಿಸಿ ಹತ್ತಿಸಿ, ನಾಲ್ಕೂ ಪಟ್ಟಿ ಬಿಗಿದು, ಮುಂದಿರುವ ಯಾವುದನ್ನೂ ಮುಟ್ಟಬೇಡಿ ಎಂದೆ. ಆಕೆ ನಗಲಿಲ್ಲ, ತಲೆಯಾಡಿಸಿದರು. ಗಿರಣಿಯ ಮೆಕ್ಯಾನಿಕ್ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿದ. ಎಂಜಿನ್ ಎರಡು ಸಲ ಕೆಮ್ಮಿ ಹಿಡಿದುಕೊಂಡಿತು. ಮೆಕ್ಯಾನಿಕ್ ಮತ್ತು ನಾನು ರೆಕ್ಕೆಯ ಎರಡು ತುದಿ ಹಿಡಿದು ಗಾಳಿಗೆ ಎದುರಾಗಿ ತಿರುಗಿಸಿ ಕೈಬಿಟ್ಟೆವು.

ಹಳದಿ ವಿಮಾನ ಗುಡ್ಡದ ಕಡೆ ಓಡಿ, ಬಾಲ ಎತ್ತಿ, ನೆಲ ಬಿಟ್ಟಿತು. ಖಾದರ್ ನನ್ನ ಮೊಣಕೈ ಹಿಡಿದುಕೊಂಡು ತುಟಿಯಲ್ಲೇ ಏನೋ ಪಠಿಸುತ್ತಿದ್ದರು. ಗುಡ್ಡದ ಮೇಲೆ ಅದು ಎಡಕ್ಕೆ ವಾಲಿದಾಗ ಕೆಳರೆಕ್ಕೆಯ ತಳ ಪೂರ್ತಿ ಕಂಡಿತು. ಆ ರೆಕ್ಕೆಯ ಒಂದು ಸಾಲಿನ ಅರ್ಧ ಗಂಟುಗಳು ನನ್ನ ಕಡೆಯಿಂದ ಹಿಂತಿರುಗಿದ ಸೂಜಿಯವು. ಎಂಬತ್ತನೆಯ ವಯಸ್ಸಿನ ಬೆರಳುಗಳವು. ಆ ತಿರುವು ಮುಗಿಯುವವರೆಗೆ ಆ ಗಂಟುಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಎಣಿಸಿದೆ.

ಇಳಿದು ಬಂದಾಗ ನೂರ್ಜಾನರ ಕಣ್ಣಿನಲ್ಲಿ ನೀರು. ಗಾಳಿಗೆ ಬಂದದ್ದು ಎಂದರು. ಮೊದಲು ರೆಕ್ಕೆಯನ್ನಷ್ಟೇ ದಿಟ್ಟಿಸಿ ನೋಡುತ್ತಿದ್ದರಂತೆ. "ಆಮ್ಯಾಲ ಗುಡ್ಡ ವಾಲ್ತೋ ನಾ ವಾಲಿದ್ನೋ ತಿಳೀಲಿಲ್ಲ ಅಜ್ಜಾರ. ಆ ತಂತಿ ಏನೋ ಹಾಡಾಕತ್ತಿದ್ವು. ರೆಕ್ಕಿ ನೋಡೂದ ಮರತಬಿಟ್ಟೆ."

ಗಡಿಯಾರ ನೋಡಿದೆ. ಎಂಟು ಕಳೆದಿತ್ತು. ಗೌಡರು ಫೋನು ಮಾಡಿ ಹತ್ತು ನಿಮಿಷ ಹೆಚ್ಚಿಗೆ ಕೇಳುವೆನೆಂದರು. ಬೇಡ ಎಂದೆ. ವೇಳೆ ಮುಗಿದಿದೆ ಎಂದರೆ ಮುಗಿದಿದೆ. ಬಾಟಲಿಯ ಮುಚ್ಚಳ ತೆಗೆದು ನೀರು ಕುಡಿದೆ.

ಗೌಡರು ಸ್ವಲ್ಪ ಯೋಚಿಸಿ, ಹೇಗೂ ರೆಕ್ಕೆ ಬಿಚ್ಚಲು ವಿಮಾನವನ್ನು ಹೊಲದ ಆ ತುದಿಗೆ ಒಯ್ಯಬೇಕು, ಅಲ್ಲಿವರೆಗೆ ನೆಲದ ಮೇಲೆ ಕೂತು ಬನ್ನಿ ಎಂದರು. ನೆಲದ ಮೇಲೆ ಓಡಿಸುವುದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಹತ್ತಿದೆ. ಮೊಣಕಾಲು ನೋಯಿತು. ನೂರ್ಜಾನ್ ರೆಕ್ಕೆಯ ಮೇಲೆ ನಿಂತು ಪಟ್ಟಿಗಳನ್ನು ನಾನು ಬಿಗಿದದ್ದಕ್ಕಿಂತ ಬಿಗಿಯಾಗಿ ಬಿಗಿದರು.

ಗೌಡರು ಹೊಲದ ಅಂಚಿನಲ್ಲಿ, ಇನ್ನೂ ಗಾಲಿ ತಾಗದ ನೆಲದ ಮೇಲೆ ನಿಧಾನವಾಗಿ ಹೊರಟರು. ಬಾಲ ನೆಲದಲ್ಲಿರುವಾಗ ಈ ವಿಮಾನದಲ್ಲಿ ಮುಂದಿನದೇನೂ ಕಾಣುವುದಿಲ್ಲ, ಎದುರಿಗೆ ಬರೀ ಎಂಜಿನ್ನಿನ ಮುಚ್ಚಳ. ಒಮ್ಮೆಲೇ ಸದ್ದು ಏರಿತು. ಗಾಳಿ ಮುಖಕ್ಕೆ ಬಂತು. ತಂತಿಗಳು ಶುರುವಾದವು. ಬಾಲ ಎದ್ದಿತು, ಮೂಗು ತಗ್ಗಿತು, ಗುಡ್ಡ ಬಂಡೆಬಂಡೆಯಾಗಿ ಕಣ್ಣೆದುರು ತೆರೆದುಕೊಂಡಿತು. ಗಾಲಿಗಳ ಕುಲುಕಾಟ ಇತ್ತು, ಇತ್ತು, ಒಂದು ಕ್ಷಣ ಇರಲಿಲ್ಲ, ಮತ್ತೆ ಇತ್ತು. ಸದ್ದು ಇಳಿಯಿತು. ಹೊಲದ ಆ ತುದಿಯಲ್ಲಿ ಗೌಡರು ವಿಮಾನ ನಿಲ್ಲಿಸಿದರು.

ನೂರ್ಜಾನ್ ಮತ್ತು ಖಾದರ್ ಓಡುತ್ತಾ ಬಂದರು.

"ಗಾಲಿ ಬಿಟ್ತು ಅಜ್ಜಾರ," ಎಂದರು ನೂರ್ಜಾನ್. "ಕೆಳಗ ಬೆಳಕು ಕಂಡ್ತು ನನಗ."

"ಇಲ್ಲಮ್ಮ," ಎಂದೆ. "ಎಂಟರ ಮೇಲೆ ಅನುಮತಿ ಇಲ್ಲ."

"ಅದನ್ನ ಗಾಲಿಗೆ ಯಾರ್ ಹೇಳಿದ್ರು ಸರ?" ಎಂದರು ಖಾದರ್.

ಉಳಿದವರು ರೆಕ್ಕೆ ಬಿಚ್ಚುವ ಸಿದ್ಧತೆಯಲ್ಲಿದ್ದಾಗ ನಾನು ಒಬ್ಬನೇ ಆ ಜಾಡಿನಲ್ಲಿ ಹಿಂದಕ್ಕೆ ನಡೆದೆ. ಧೂಳಿನಲ್ಲಿ ಮೂರು ಗೆರೆಗಳು ಸ್ಪಷ್ಟವಾಗಿದ್ದವು. ಗುಡ್ಡದ ಕಡೆಯ ತುದಿಯಲ್ಲಿ ಮೂರೂ ಒಟ್ಟಿಗಿದ್ದವು. ಹಿಂದಕ್ಕೆ ಹೋದಂತೆ ನಡುವಿನದು, ಬಾಲದ್ದು, ಇಲ್ಲವಾಯಿತು. ಗಾಲಿಗಳ ಎರಡೇ ಉಳಿದವು. ಇನ್ನಷ್ಟು ನಡೆದಾಗ ಅವೂ ನಿಂತಿದ್ದವು. ಅಲ್ಲಿಂದ ನಾಲ್ಕೈದು ಮೊಳ ನೆಲವನ್ನು ಏನೂ ಮುಟ್ಟಿರಲಿಲ್ಲ. ಆಚೆಗೆ ಗೆರೆಗಳು ಮತ್ತೆ ಹೊರಟಿದ್ದವು.

ಅಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ಆಮೇಲೆ ಸುತ್ತಲೂ ನೋಡಿ, ಬೂಟಿನ ಅಂಚಿನಿಂದ ಆ ಖಾಲಿ ನೆಲದ ಮೇಲೆ ಎರಡು ಗೆರೆಗಳನ್ನೂ ನೇರವಾಗಿ ಎಳೆದು ಆಚೆಯವಕ್ಕೆ ಕೂಡಿಸಿ ಬಂದೆ.