ನೀರು ಹಾಕಬಾರದ ಲೋಟ

ಒಂದು ತಿಂಗಳಿನಿಂದ ನಮ್ಮ ಮನೆಯಲ್ಲಿ ಯಾರೂ ಇಡೀ ಚಪಾತಿ ತಿಂದಿಲ್ಲ. ಚಪಾತಿ ಹೆಂಚಿನಿಂದ ಇಳಿದದ್ದೇ ತಡ, ನಾಲ್ಕನೆಯ ತರಗತಿಯ ನನ್ನ ಮೊಮ್ಮಗಳು ಇಂಚರ ಚಾಕು ಹಿಡಿದು ಪಕ್ಕದಲ್ಲಿ ನಿಂತಿರುತ್ತಾಳೆ. ಅವಳಪ್ಪನಿಗೆ ಎಂಟರಲ್ಲಿ ಐದು ಭಾಗ, ಅಮ್ಮನಿಗೆ ಅರ್ಧ, ಸಕ್ಕರೆ ಕಾಯಿಲೆಯ ಅಜ್ಜಿಗೆ, ಅಂದರೆ ನನಗೆ, ಕಾಲು ಭಾಗ. ಇನ್ನೊಂದು ಚೂರು ಕೊಡೇ ಎಂದು ತಟ್ಟೆ ಒಡ್ಡಿದರೆ, ಅದು ಸೇರಿದರೆ ಒಟ್ಟು ಎಷ್ಟಾಗುತ್ತದೆಂದು ಮೊದಲು ಹೇಳಬೇಕು, ಆಮೇಲೆ ತಿನ್ನಬೇಕು. ನಗಬೇಡಿ, ನಾನು ಎರಡು ಸಲ ತಪ್ಪು ಹೇಳಿ ಉಪವಾಸ ಬೀಳುವುದರಲ್ಲಿದ್ದೆ. ನಮ್ಮ ಕಾಲದಲ್ಲಿ ಭಿನ್ನರಾಶಿಯೆಂದರೆ ಕರಿಹಲಗೆಯ ಮೇಲೆ ಒಂದು ಅಡ್ಡಗೆರೆ, ಗೆರೆಯ ಮೇಲೊಂದು ಅಂಕಿ, ಕೆಳಗೊಂದು ಅಂಕಿ. ಮೇಲಿನದಕ್ಕೂ ಕೆಳಗಿನದಕ್ಕೂ ಏನು ನಂಟು ಎಂದು ಯಾರೂ ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಬರಲಿಲ್ಲ. ಯಶವಂತಪುರದ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದು ನಿವೃತ್ತಳಾದ ಮೇಲೆ, ಈ ಅರವತ್ತಮೂರನೆಯ ವಯಸ್ಸಿನಲ್ಲಿ, ಬಿಸಿ ಚಪಾತಿಯ ಚೂರೊಂದನ್ನು ಬೆರಳಲ್ಲಿ ಹಿಡಿದಾಗ, ಅಯ್ಯೋ ಶಿವನೇ, ಇಷ್ಟೇನಾ ಇದು ಎನಿಸಿ ಮೈ ಜುಂ ಎಂದಿತು.

ಇಂಚರಳ ಶಾಲೆ ಅಬ್ಬಿಗೆರೆಯ ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆಯಲ್ಲಿದೆ. ಸಿಸ್ಟರುಗಳು ನಡೆಸುವ ಕಥೋಲಿಕ ಶಾಲೆ. ಮಕ್ಕಳು ಈ ಸಲ ಏನೇನು ಕಲಿಯಲಿದ್ದಾರೆ ಎಂಬುದನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಪ್ರತಿ ಅವಧಿಯ ಮೊದಲ ವಾರದಲ್ಲೇ ಮನೆಗೆ ಕಳಿಸಿಬಿಡುತ್ತಾರೆ. ಮಗನೂ ಸೊಸೆಯೂ ಅದರ ಕೆಳಗೆ ಸಹಿ ಹಾಕಿ ಕೆಲಸಕ್ಕೆ ಓಡುತ್ತಾರೆ, ಓದುವವಳು ನಾನು. ಫ್ರಿಜ್ಜಿನ ಬಾಗಿಲಿಗೆ ಅದನ್ನು ಅಂಟಿಸಿ, ಹಾಲಿಡುವಾಗೊಮ್ಮೆ ಮೊಸರು ತೆಗೆಯುವಾಗೊಮ್ಮೆ ಓದುತ್ತೇನೆ. ನಿಮ್ಮೊಡನೆ ಏಕೆ ಮುಚ್ಚಿಡಲಿ, ದಿನಭವಿಷ್ಯವನ್ನೂ ನಾನು ಇಷ್ಟು ಆಸೆಯಿಂದ ಓದಿದವಳಲ್ಲ. ದಿನಭವಿಷ್ಯದಲ್ಲಿ ನನಗೆ ಬರಬೇಕಾದದ್ದೆಲ್ಲ ಬಂದು ಹೋಗಿದೆ. ಈ ಹಾಳೆಯಲ್ಲಿ ಇನ್ನೂ ಗೊತ್ತಿಲ್ಲದ್ದು ಎಷ್ಟೊಂದಿದೆ!

ಮನೆಯಿಂದ ಶಾಲೆಗೆ ಹೋಗುವ ದಾರಿಯ ನಕ್ಷೆ ಬರೆಯುವುದು ಅದರಲ್ಲೊಂದು. ಇಂಚರಳ ನಕ್ಷೆಯಲ್ಲಿ ಬಸ್ ನಿಲ್ದಾಣವಿರಲಿಲ್ಲ, ವಾರ್ಡ್ ಕಚೇರಿಯೂ ಇರಲಿಲ್ಲ. ಎಳನೀರು ಮಾರುವ ತಾತ ಇದ್ದ, ಮೂರು ನಾಯಿಗಳು ಹೆಸರು ಸಮೇತ ಇದ್ದವು, ಅವಳ ಜೀವದ ಗೆಳತಿ ಶೆರಿನ್‌ಳ ಮನೆ ಶಾಲೆಗಿಂತ ದೊಡ್ಡದಾಗಿತ್ತು. ನಲವತ್ತು ವರ್ಷ ನಡೆದ ಬೀದಿಯನ್ನು ನಾನೂ ಅವಳ ಪಕ್ಕದಲ್ಲಿ ಕುಳಿತು ಬರೆಯಹೋದರೆ ಉತ್ತರ ಯಾವ ಕಡೆ ಎನ್ನುವುದೇ ಗೊತ್ತಾಗಲಿಲ್ಲ. ಕೊನೆಗೆ ಅಜ್ಜಿ ಮೊಮ್ಮಗಳಿಬ್ಬರೂ ತಾರಸಿಗೆ ಹತ್ತಿ, ಬೆಳಗಿನ ಸೂರ್ಯನಿಗೆ ಮುಖ ಮಾಡಿ ನಿಂತು, ಎಡಗೈ ಚಾಚಿ ಉತ್ತರವನ್ನು ಪತ್ತೆಮಾಡಿದೆವು. ಎದುರು ಮನೆಯಾಕೆ ನಾವು ಯೋಗ ಶುರುಮಾಡಿದ್ದೇವೆಂದು ತಿಳಿದು, ತಾನೂ ಬರಬಹುದೇ ಎಂದು ಕೂಗಿ ಕೇಳಿದಳು.

ಅದೇ ಹಾಳೆಯ ಕೊನೆಯ ಸಾಲಿನಲ್ಲಿತ್ತು: ಕ್ಷಮೆ ಕೇಳುವುದು. ನೋಡಿ, ಭಿನ್ನರಾಶಿಯ ಹಾಗೆ ಅದೂ ಒಂದು ಪಾಠ! ವಾರಕ್ಕೆರಡು ಸಲ ಆ ಪಾಠದ ಗಂಟೆ ಹೊಡೆದಾಗ ತರಗತಿ ಎರಡಾಗುತ್ತದೆ. ಶೆರಿನ್‌ಳಂಥ ಕಥೋಲಿಕ ಮಕ್ಕಳು ಧರ್ಮೋಪದೇಶಕ್ಕೆ ಹೋಗುತ್ತಾರೆ, ಇಂಚರಳಂಥವರು ನೀತಿಪಾಠಕ್ಕೆ ಕೂರುತ್ತಾರೆ. ಈ ವರ್ಷ ಶೆರಿನ್‌ಗೆ ಮೊದಲ ಪಾಪನಿವೇದನೆ. ಅಂದರೆ, ತಾನು ಮಾಡಿದ ತಪ್ಪುಗಳನ್ನು ತಾನೇ ಹುಡುಕಿಕೊಂಡು, ಚರ್ಚಿನ ಗುರುಗಳ ಮುಂದೆ ಬಾಯಿಬಿಟ್ಟು ಹೇಳಿ, ದೇವರ ಕ್ಷಮೆ ಕೇಳಬೇಕು. ಅದಕ್ಕಾಗಿ ಅವಳು ಮಾಡುತ್ತಿದ್ದ ತಯಾರಿಯೆಲ್ಲ ಊಟದ ಬಿಡುವಿನಲ್ಲಿ ಇಂಚರಳಿಗೆ, ಇಂಚರಳಿಂದ ಸಂಜೆ ನಮ್ಮ ಊಟದ ಮೇಜಿಗೆ ಬರುತ್ತಿತ್ತು. ನಾವೆಲ್ಲರೂ ದಿನಕ್ಕೊಂದು ತಪ್ಪು ಹೇಳಬೇಕೆಂದು ಅಪ್ಪಣೆಯಾಯಿತು. ಗೊರಗುಂಟೆಪಾಳ್ಯದಲ್ಲಿ ಸಿಗ್ನಲ್ ಹಾರಿಸಿದೆ ಎಂದು ಮಗ ಒಪ್ಪಿಕೊಂಡ. ತವರಿನಿಂದ ಬಂದ ಫೋನನ್ನು ಬೇಕೆಂದೇ ಎತ್ತಲಿಲ್ಲವೆಂದು ಸೊಸೆ ಒಪ್ಪಿಕೊಂಡಳು. ನನ್ನ ಸರದಿ ಬಂದಾಗ, "ಸಾರಿಗೆ ಉಪ್ಪು ಜಾಸ್ತಿ ಹಾಕ್ಬಿಟ್ಟೆ ಕಣೇ" ಎಂದೆ.

ಅದು ಸುಳ್ಳಲ್ಲ, ಉಪ್ಪು ಜಾಸ್ತಿಯಾಗಿದ್ದದ್ದು ನಿಜ. ಆದರೆ ಅಷ್ಟರಲ್ಲಾಗಲೇ ನಾನು ಅದಕ್ಕಿಂತ ದೊಡ್ಡ ಘನಕಾರ್ಯವೊಂದನ್ನು ಮಾಡಿ ಮುಗಿಸಿದ್ದೆ.

ವಿಜ್ಞಾನದ ಪಾಠಕ್ಕಾಗಿ ಅವರ ಸ್ಟೆಲ್ಲಾ ಮಿಸ್ ಪ್ರತಿಯೊಂದು ಮಗುವಿಗೂ ಒಣಮಣ್ಣು ತುಂಬಿದ ಒಂದೊಂದು ಕಾಗದದ ಲೋಟವನ್ನೂ ಎರಡೆರಡು ಅವರೆಕಾಳುಗಳನ್ನೂ ಕೊಟ್ಟು ಮನೆಗೆ ಕಳಿಸಿದ್ದರು. ಕೆಲವರು ನೀರು ಹಾಕಿ ಬಿಸಿಲಲ್ಲಿಡಬೇಕು, ಕೆಲವರು ನೀರು ಹಾಕಿ ಕತ್ತಲಲ್ಲಿಡಬೇಕು, ಇನ್ನು ಆರು ಜನ ನೀರನ್ನೇ ಹಾಕಬಾರದು. ಇಂಚರ ಆ ಆರರಲ್ಲೊಬ್ಬಳು. ಎಲ್ಲರ ಕಾಳೂ ಮೊಳೆಯುವಾಗ ತನ್ನದು ಮಾತ್ರ ಮೊಳೆಯುವುದಿಲ್ಲವೆಂದು ಅವಳು ಮುಖ ಊದಿಸಿಕೊಂಡಾಗ, ಮೊಳೆಯದೆ ಇರುವುದನ್ನೂ ಯಾರಾದರೂ ಕಣ್ಣಿಟ್ಟು ನೋಡಿ ಬರೆಯಬೇಕು, ಅದೇ ಎಲ್ಲಕ್ಕಿಂತ ಜವಾಬ್ದಾರಿಯ ಕೆಲಸ ಎಂದು ಮಿಸ್ ಹೇಳಿದರಂತೆ. ಅಲ್ಲಿಂದ ಹುಡುಗಿ ದಿನಾ ಸಂಜೆ ಅಡುಗೆಮನೆಯ ಕಿಟಕಿಯ ಮುಂದೆ ಕುಳಿತು, ಖಾಲಿ ಲೋಟದ ಚಿತ್ರ ಬರೆದು, ಕೆಳಗೆ "ಏನೂ ಬಂದಿಲ್ಲ" ಎಂದು ದಪ್ಪಕ್ಷರದಲ್ಲಿ ಬರೆಯತೊಡಗಿದಳು.

ಈಗ ನನ್ನ ಕಷ್ಟ ಕೇಳಿ. ನಾನು ಸೊಸೆಯಾಗಿ ಬಂದಾಗ ಈ ಮನೆಯ ಸುತ್ತ ಸೊಪ್ಪಿನ ಮಡಿಗಳಿದ್ದವು. ಅಕ್ಕಿ ತೊಳೆದ ನೀರನ್ನು ಬಚ್ಚಲಿಗೆ ಚೆಲ್ಲಿದರೆ ನಮ್ಮತ್ತೆ ಮೂರು ದಿನ ಮಾತು ಬಿಡುತ್ತಿದ್ದರು. ಅದು ಗಿಡದ ಬುಡಕ್ಕೇ ಹೋಗಬೇಕು. ಮಡಿಗಳು ಹೋದವು, ಅತ್ತೆಯೂ ಹೋದರು, ನನ್ನ ಕೈ ಮಾತ್ರ ಆ ಅಭ್ಯಾಸ ಬಿಡಲಿಲ್ಲ. ಬೆಳಿಗ್ಗೆ ಅಕ್ಕಿ ತೊಳೆದ ಪಾತ್ರೆ ಹಿಡಿದು ಕಿಟಕಿಯ ಬಳಿ ಹೋಗಿ ಕರಿಬೇವಿಗಿಷ್ಟು, ದೊಡ್ಡಪತ್ರೆಗಿಷ್ಟು ಹಾಕುವಾಗ, ಪಕ್ಕದಲ್ಲಿ ಆ ಪುಟ್ಟ ಲೋಟ ಬಾಯಿ ಬಿಟ್ಟುಕೊಂಡು ಕೂತಿರುತ್ತಿತ್ತು. ಮೊದಲ ದಿನ ಕಣ್ಣು ತಪ್ಪಿಸಿದೆ. ಎರಡನೆಯ ದಿನ ಹೊಟ್ಟೆ ಚುರ್ ಎಂದಿತು. ಮೂರನೆಯ ದಿನ ಒಂದು ಬೊಗಸೆ ಹಾಕಿಯೇಬಿಟ್ಟೆ. ಮರೆತು ಹಾಕಿದ್ದಲ್ಲ. ಹಾಕಬಾರದೆಂದು ಚೆನ್ನಾಗಿ ಗೊತ್ತಿದ್ದೇ, ಒಂದು ಬೊಗಸೆಯಿಂದ ಏನು ಪ್ರಳಯ ಆಗುತ್ತದೆ ಎಂದುಕೊಂಡು ಹಾಕಿದ್ದು. ಮಾರನೆಯ ದಿನವೂ ಹಾಕಿದೆ, ಅದರ ಮಾರನೆಯ ದಿನವೂ ಹಾಕಿದೆ. ಸಂಜೆ ಇಂಚರ ಬರುವಷ್ಟರಲ್ಲಿ ಕಿಟಕಿಯ ಬಿಸಿಲಿಗೆ ಮೇಲಿನ ಮಣ್ಣೆಲ್ಲ ಆರಿ, ಲೋಟ ಮಳ್ಳಿಯ ಹಾಗೆ ಕೂತಿರುತ್ತಿತ್ತು.

ಏಳನೆಯ ಸಂಜೆ ಮನೆಯ ಸೂರು ಹಾರಿಹೋಗುವಂಥ ಕಿರುಚಾಟ. "ಅಜ್ಜೀ! ಬಂತು ಅಜ್ಜಿ! ನೀರೇ ಇಲ್ದೆ ಬಂತು!" ಲೋಟದಲ್ಲಿ ಅವರೆಯ ಮೊಳಕೆಯೊಂದು ಬೆನ್ನು ಬಗ್ಗಿಸಿ ಮಣ್ಣನ್ನು ಎತ್ತಿಕೊಂಡು ನಿಂತಿತ್ತು. ಹುಡುಗಿ ನನ್ನ ಎರಡೂ ಕೈ ಹಿಡಿದು ಅಡುಗೆಮನೆಯ ತುಂಬ ಕುಣಿಸಿದಳು, ನಾನೂ ಕುಣಿದೆ. ಆ ಸಂಭ್ರಮ ನಾಟಕವಾಗಿರಲಿಲ್ಲ, ನಂಬಿ. ಕಾಳು ಮೊಳೆತದ್ದನ್ನು ಕಂಡರೆ ಇಂದಿಗೂ ನನ್ನ ಕಣ್ಣು ಒದ್ದೆಯಾಗುತ್ತದೆ. ಆಗ ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಅಷ್ಟು ಅರಳಿದ ಮುಖದ ಮೇಲೆ ತಣ್ಣೀರು ಹೇಗೆ ಎರಚಲಿ ಎಂದು ಸುಮ್ಮನಾದೆ. ಇಂಚರ ಪುಸ್ತಕದಲ್ಲಿ, "ನೀರಿಲ್ಲದೆ ಗಿಡ ಬಂತು" ಎಂದು ಬರೆದು ಎರಡು ಗೆರೆ ಎಳೆದಳು.

ಮಾರನೆಯ ದಿನ ಶಾಲೆಯಿಂದ ಬಂದವಳು ಬ್ಯಾಗನ್ನು ಬಾಗಿಲಲ್ಲೇ ಬಿಸಾಡಿ, ಸೋಫಾದ ಮೇಲೆ ಮಗುಚಿ ಬಿದ್ದು ಅತ್ತಳು. ಉಳಿದ ಐವರ ಒಣ ಲೋಟಗಳಲ್ಲಿ ಏನೂ ಬಂದಿರಲಿಲ್ಲ. ನೀನೇ ಕದ್ದು ನೀರು ಹಾಕಿದ್ದೀಯ, ಸುಳ್ಳಿ ಎಂದು ತರಗತಿಯೆಲ್ಲ ಹೇಳಿತಂತೆ. ಎಲ್ಲರಿಗಿಂತ ಮೊದಲು ಹೇಳಿದವಳು ಶೆರಿನ್ ಅಂತೆ. ಮಿಸ್ ಮಾತ್ರ ಬಯ್ಯದೆ, ಶನಿವಾರ ಮನೆಯವರೆಲ್ಲ ಮಕ್ಕಳ ಕೆಲಸ ನೋಡಲು ಬರುತ್ತಾರಲ್ಲ, ಆವತ್ತು ನೀನು ಕಂಡದ್ದನ್ನು ಕಂಡ ಹಾಗೆ ಹೇಳು ಎಂದಿದ್ದರು.

"ಅಜ್ಜಿ, ನೀನು ಬರ್ಬೇಕು," ಎಂದಳು ಬಿಕ್ಕುತ್ತ. "ನೀನು ಇಡೀ ದಿನ ಮನೇಲೇ ಇರ್ತೀಯಲ್ಲ. ನಾನು ನೀರು ಹಾಕಿಲ್ಲ ಅಂತ ನೀನೇ ಎಲ್ರಿಗೂ ಹೇಳ್ಬೇಕು."

ನೋಡಿದಿರಾ, ಕಳ್ಳಿಯನ್ನೇ ಸಾಕ್ಷಿಗೆ ಕರೆದಳು! ಶುಕ್ರವಾರ ಪೂರ್ತಿ ಆ ಒಂದು ಮಾತು ಹೇಳಲು ಹೊತ್ತು ಹುಡುಕಿದೆ. ತಲೆ ಬಾಚುವಾಗ ಹೇಳೋಣವೆಂದುಕೊಂಡೆ, ಆಗಲಿಲ್ಲ. ಹಾಲು ಕೊಡುವಾಗ ಹೇಳೋಣವೆಂದುಕೊಂಡೆ, ಆಗಲೂ ಆಗಲಿಲ್ಲ. ಮೊದಲು ಅವಳ ಖುಷಿ ಹಾಳಾಗುತ್ತದೆಂದು ಸುಮ್ಮನಿದ್ದವಳು, ಈಗ ಅವಳು ಅಳುತ್ತಿರುವಾಗಲೂ ಸುಮ್ಮನಿದ್ದೇನೆಂದರೆ ಅದು ಪ್ರೀತಿಯಲ್ಲ, ನನ್ನ ಮಾನ ಉಳಿಸಿಕೊಳ್ಳುವ ಹುನ್ನಾರ ಎಂದು ತಿಳಿದಾಗ ನನ್ನ ಮೇಲೆ ನನಗೇ ಸಿಟ್ಟು ಬಂತು. ಕಚೇರಿಯಲ್ಲಿದ್ದಾಗ ಒಂದು ಅಕ್ಷರ ತಪ್ಪು ಟೈಪಾದರೂ ಸಾಹೇಬರ ಎದುರಿಗೆ ಹೋಗಿ ಒಪ್ಪಿಕೊಂಡು ಬರುತ್ತಿದ್ದ ಹೆಂಗಸು ನಾನು. ಒಂಬತ್ತು ವರ್ಷದ ಮಗುವಿನ ಮುಂದೆ ನಾಲಿಗೆ ಏಳಲಿಲ್ಲ.

ಶನಿವಾರ ತರಗತಿಯ ಗೋಡೆಗಳ ತುಂಬ ನಕ್ಷೆಗಳು, ರಟ್ಟಿನಲ್ಲಿ ಕತ್ತರಿಸಿದ ಅರ್ಧ-ಕಾಲು ಚಕ್ರಗಳು, ಕಿಟಕಿಯುದ್ದಕ್ಕೂ ಲೋಟಗಳು. ಬೇರೆ ದಿನವಾಗಿದ್ದರೆ ಒಂದೊಂದರ ಮುಂದೆಯೂ ಕಾಲು ಗಂಟೆ ನಿಲ್ಲುತ್ತಿದ್ದೆ. ಇಂಚರ ತನ್ನ ಲೋಟ ಹಿಡಿದು ಎದ್ದು ನಿಂತಳು. ದಿನದಿನದ ಚಿತ್ರಗಳನ್ನು ತೋರಿಸಿದಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. "ನಾನು ನೀರು ಹಾಕಿಲ್ಲ. ಬೇಕಾದ್ರೆ ನಮ್ಮಜ್ಜಿನ ಕೇಳಿ," ಎಂದು ನನ್ನತ್ತ ಕೈ ತೋರಿಸಿದಳು.

ನಾನು ಎದ್ದೆ. ಮಕ್ಕಳ ಬೆಂಚು ಚಿಕ್ಕದು, ಏಳುವಾಗ ಮಂಡಿ ಕಟಕ್ ಎಂದಿತು. "ಅವಳು ಹಾಕಿಲ್ಲ ಮಿಸ್," ಎಂದೆ. "ಅವಳು ಹೇಳ್ತಿರೋದು ನಿಜ. ಹಾಕಿದ್ದು ನಾನು. ಮೂರು ದಿನ, ದಿನಕ್ಕೊಂದು ಬೊಗಸೆ, ಅಕ್ಕಿ ತೊಳೆದ ನೀರು. ಹಾಕ್ಬಾರ್ದು ಅಂತ ಗೊತ್ತಿದ್ದೇ ಹಾಕ್ದೆ."

ಆಮೇಲೆ ನಡೆದದ್ದನ್ನು ನಾನು ಎಣಿಸಿಯೂ ಇರಲಿಲ್ಲ. ಸ್ಟೆಲ್ಲಾ ಮಿಸ್ ನಗಲಿಲ್ಲ, ರೇಗಲೂ ಇಲ್ಲ. "ಕೇಳಿದ್ರಾ ಮಕ್ಕಳೇ? ಇನ್ನೂ ಏನೇನು ತಿಳ್ಕೋಬೇಕು, ಅಜ್ಜೀನ ಕೇಳಿ," ಎಂದರು. ಅಬ್ಬಬ್ಬಾ, ಏನು ಪ್ರಶ್ನೆಗಳ ಸುರಿಮಳೆ! ಯಾವ ಹೊತ್ತಿಗೆ ಹಾಕಿದಿರಿ, ಬೊಗಸೆ ಎಂದರೆ ಎಷ್ಟು ಚಮಚ, ಅಕ್ಕಿ ನೀರಿಗೂ ನಲ್ಲಿ ನೀರಿಗೂ ವ್ಯತ್ಯಾಸವಿದೆಯೇ, ಇದ್ದರೆ ಎರಡನ್ನೂ ಹಾಕಿ ನೋಡೋಣವೇ? ಸುಳ್ಳಿ ಎಂದ ಬಾಯಿಗಳೇ ಈಗ ಪೆನ್ಸಿಲ್ ಕಚ್ಚಿಕೊಂಡು ನನ್ನ ಉತ್ತರ ಬರೆದುಕೊಳ್ಳುತ್ತಿದ್ದವು. ನನ್ನ ಕಾಲದ ಪುಸ್ತಕಗಳಲ್ಲಿ ಉತ್ತರಗಳೆಲ್ಲ ಕೊನೆಯ ಪುಟದಲ್ಲಿ ಮೊದಲೇ ಅಚ್ಚಾಗಿರುತ್ತಿದ್ದವು; ತಪ್ಪಾದರೆ ತಲೆ ತಗ್ಗಿಸುವುದಷ್ಟೇ ನಮಗೆ ಗೊತ್ತಿತ್ತು. ತಪ್ಪನ್ನೂ ಮೇಜಿನ ಮೇಲಿಟ್ಟು ಅದು ಎಲ್ಲಿಂದ ಬಂತೆಂದು ಕೇಳಬಹುದೆಂಬುದನ್ನು ನಾಲ್ಕನೆಯ ತರಗತಿಯಲ್ಲಿ ಈಗ ಕಲಿತೆ. ಎಲ್ಲರ ಮುಂದೆ ತಪ್ಪೊಪ್ಪಿಕೊಂಡಿದ್ದರೂ ನನಗೆ ಖುಷಿಯಾಗುತ್ತಿತ್ತು. ಶೆರಿನ್ ತಾನಾಗಿಯೇ ಎದ್ದು ಬಂದು ಇಂಚರಳ ಮುಂದೆ ನಿಂತು ಏನೋ ಪಿಸುಗುಟ್ಟಿದಳು. ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತರು. ಇಂಚರ ನನ್ನ ಕಡೆ ಮಾತ್ರ ತಿರುಗಲಿಲ್ಲ.

ಗೇಟಿನ ಹೊರಗೆ ಬಂದ ಮೇಲೆ ಅವಳು ನಿಂತಳು.

"ನಾನು ಅಳ್ತಿದ್ದಾಗ್ಲೂ ನಿಂಗೆ ಗೊತ್ತಿತ್ತಾ ಅಜ್ಜಿ?"

"ಗೊತ್ತಿತ್ತು ಪುಟ್ಟಿ."

ನಾನು ಸಾರಿ ಎಂದೆ. "ಹಾಗಲ್ಲ," ಎಂದಳು ಕಟುವಾಗಿ. "ಸುಮ್ನೆ ಸಾರಿ ಅಂದ್ರೆ ಆಗಲ್ಲ. ಏನ್ ಮಾಡ್ದೆ ಅಂತ ಪೂರ್ತಿ ಹೇಳ್ಬೇಕು, ನೆಪ ಸೇರಿಸ್ಬಾರ್ದು. ಶೆರಿನ್‌ಗೆ ಹಂಗೇ ಹೇಳ್ಕೊಟ್ಟಿದಾರೆ."

ಸರಿ, ಶಾಲೆಯ ಕಾಂಪೌಂಡಿನ ಪಕ್ಕದ ಪಾದಚಾರಿ ದಾರಿಯಲ್ಲಿ, ಸ್ಕೂಟರುಗಳು ಹಾರನ್ ಹೊಡೆಯುತ್ತಿರುವಾಗ, ಪೂರ್ತಿ ಹೇಳಿದೆ. ಅತ್ತೆಯ ಹೆಸರೆತ್ತಲಿಲ್ಲ, ಅಭ್ಯಾಸದ ಮಾತಾಡಲಿಲ್ಲ. "ನಿನ್ನ ಕೆಲಸ ಕೆಡಿಸ್ದೆ. ನೀನು ಕುಣಿದಾಗ ಹೇಳ್ಲಿಲ್ಲ. ನಿನ್ನ ಸುಳ್ಳಿ ಅಂದಾಗ್ಲೂ ಹೇಳ್ಲಿಲ್ಲ, ನನಗೆ ನಾಚಿಕೆ ಆಗ್ತಿತ್ತು. ತಪ್ಪು ಮಾಡ್ದೆ ಕಣೇ, ಕ್ಷಮಿಸು." ಅಷ್ಟು ಹೇಳುವಷ್ಟರಲ್ಲಿ ನನ್ನ ಕಣ್ಣಲ್ಲಿ ನೀರು. ಅವಳು ಒಮ್ಮೆ ನನ್ನನ್ನೂ ಒಮ್ಮೆ ಕೈಯಲ್ಲಿದ್ದ ಮೊಳಕೆಯ ಲೋಟವನ್ನೂ ನೋಡಿದಳು. ಕ್ಷಮಿಸಿದೆ ಎನ್ನಲಿಲ್ಲ. ಬ್ಯಾಗಿನೊಳಗೆ ಕೈ ಹಾಕಿ, ಮಿಸ್ ಮತ್ತೆ ಕಾಳು ಹಾಕಿ ಕೊಟ್ಟಿದ್ದ ಇನ್ನೊಂದು ಲೋಟ ತೆಗೆದು, ಅಲ್ಲಾಡಿಸಿದರೆ ಧೂಳೇಳುವಷ್ಟು ಒಣಗಿದ್ದ ಅದನ್ನು ನನ್ನ ಕೈಗಿಟ್ಟಳು.

"ಇದನ್ನ ನೀನೇ ನೋಡ್ಕೊಬೇಕು. ಚಿತ್ರಾನೂ ನೀನೇ ಬರೀಬೇಕು. ನಾನು ಚೆಕ್ ಮಾಡಲ್ಲ," ಎಂದಳು.

ಅಯ್ಯೋ, ಮೂವತ್ತು ವರ್ಷದ ನೌಕರಿಯಲ್ಲಿ ಇಷ್ಟು ದೊಡ್ಡ ಹುದ್ದೆ ನನಗೆ ಯಾರೂ ಕೊಟ್ಟಿರಲಿಲ್ಲ! ಅಕ್ಕಿ ತೊಳೆದ ನೀರನ್ನು ಈಗ ಮುಂಬಾಗಿಲಿನ ದಾಸವಾಳಕ್ಕೆ ಹೊತ್ತುಕೊಂಡು ಹೋಗುತ್ತೇನೆ. ಕಿಟಕಿಯ ಬಳಿಗೆ ಬರಿಗೈಯಲ್ಲಿ ಹೋಗಿ, ಕನ್ನಡಕ ಏರಿಸಿ, ಖಾಲಿ ಲೋಟದ ಚಿತ್ರ ಬರೆಯುತ್ತೇನೆ. ಹೊಟ್ಟೆ ಚುರ್ ಎನ್ನುವುದು ನಿಂತಿಲ್ಲ, ಅದೂ ಚಿತ್ರದ ಪಕ್ಕದಲ್ಲಿ ದಾಖಲಾಗಿದೆ. ಇಂದಿಗೆ ಒಂಬತ್ತು ದಿನ. ಏನೂ ಬಂದಿಲ್ಲ. ಇಂಚರ ಒಂದು ದಿನವೂ ಬಂದು ಮಣ್ಣು ಮುಟ್ಟಿ ನೋಡಿಲ್ಲ.