ಐನೂರು ರೂಪಾಯಿಯ ಟ್ರಯಲ್

ಅವನ ಎರಡೂ ಕಿವಿಗಳಲ್ಲಿ ಸದಾ ಹತ್ತಿಯ ಉಂಡೆ ಇರುತ್ತಿತ್ತು. ಸಿಂದಗಿ ಬಸ್‌ಸ್ಟ್ಯಾಂಡಿನ ಹಾರ್ನುಗಳು ತನ್ನ ಕಿವಿ ಕೆಡಿಸಿಬಿಡುತ್ತವೆ ಎಂಬ ಜಂಬ. ಗಿರಾಕಿ ಮಾತಾಡಿಸಿದರೆ ಒಂದು ಕಿವಿಯ ಹತ್ತಿಯನ್ನಷ್ಟೇ ತೆಗೆಯುತ್ತಿದ್ದ, ಮನುಷ್ಯರ ಮಾತಿಗೆ ಅಷ್ಟೇ ಸಾಕು ಎಂಬಂತೆ. ಆ ಸ್ಪೀಕರ್ ಅಂಗಡಿಯವನನ್ನು ನಾನು ಮೆಚ್ಚಿದ್ದೇ ಇಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ನಾನು ಆಡುತ್ತೇನೆ.

ವಿಜಯಪುರದ ಅಂಗಡಿಯವರು ಚಹಾ ಕುಡಿಸಿ, ಸ್ಪೀಕರ್ ಬಾಕ್ಸನ್ನು ಮನೆಗೇ ಕಳಿಸಿ, ಎರಡು ದಿನ ಕೇಳಿ ನೋಡಿ ಎನ್ನುತ್ತಿದ್ದರು. ಇವನದು ಬೇರೆಯೇ ದರ್ಬಾರು. ಮನೆಗೆ ಬಂದು ಸ್ಪೀಕರ್ ಹಚ್ಚಿ ಕೇಳಿಸಲು ಐನೂರು ರೂಪಾಯಿ, ಅದೂ ಮೊದಲೇ. ಕೊಂಡರೆ ಬೆಲೆಯಲ್ಲಿ ಮುರಿದುಕೊಳ್ಳುವುದಿಲ್ಲ, ಬಿಟ್ಟರೆ ವಾಪಸು ಕೊಡುವುದಿಲ್ಲ.

"ಇನ್ನೂ ತಗೊಂಡೇ ಇಲ್ಲ, ರೊಕ್ಕ ಯಾತಕ್ರಿ?" ಎಂದು ಜಗಳ ತೆಗೆದೆ.

"ಪುಕ್ಕಟೆ ಬಂದಾಂವ ಮಾರಾಕ ಬರ್ತಾನ್ರಿ ಅಕ್ಕೋರ. ನಾ ಕೇಳಾಕ ಬರ್ತೇನಿ," ಎಂದ. "ನೀವೇನು ಸಾಲ್ಯಾಗ ಪುಕ್ಕಟೆ ಕಲಸ್ತೀರೇನು?"

ಸಿಟ್ಟು ನೆತ್ತಿಗೇರಿತು. ಆದರೂ ಕೊಟ್ಟೆ. ಕಾರಣ ಅಪ್ಪ. ಪ್ರತಿ ಸೋಮವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಅಪ್ಪನ ಭಜನೆ ನಡೆಯುತ್ತಿತ್ತು. ಹಳೆಯ ರೆಕಾರ್ಡುಗಳನ್ನು ಕೇಳಿ ಪದ ಕಲಿತು, ತಾಳ ಹಿಡಿದು, ಗೆಳೆಯರಿಗೆ ಹೇಳಿಕೊಡುತ್ತಿದ್ದ. ಅವ್ವ ಹೋದ ಮೇಲೆ ಅವನಿಗೆ ಇದ್ದದ್ದು ಅದೊಂದೇ. ನಾಲ್ಕು ವರ್ಷಗಳಿಂದ ಮಾತ್ರ ಒಂದೇ ದೂರು: "ಮಾತು ಬಿಡಿಸಿ ಕೇಳಸವಲ್ದವ್ವಾ, ಈ ಬಾಕ್ಸ್ ಚೊಲೋ ಇಲ್ಲ." ನಾನು ಮೂರು ಬಾಕ್ಸ್ ಬದಲಿಸಿದ್ದೆ.

ಅಂಗಡಿಯವನು ಬಂದದ್ದು ಸೋಮವಾರವೇ. ಅಪ್ಪನ ಗೆಳೆಯರು ಐದಾರು ಜನ ಕೂತಿದ್ದರು. ಹೊಸ ಬಾಕ್ಸ್ ಇಟ್ಟು, ಎರಡೂ ಕಿವಿಯ ಹತ್ತಿ ತೆಗೆದು ಕಿಸೆಯಲ್ಲಿ ಹಾಕಿಕೊಂಡ. ಒಂದೇ ಪದವನ್ನು ಮೂರು ಸಲ ಹಚ್ಚಿದ. ಬಾಕ್ಸಿನ ಕಡೆ ನೋಡಲೇ ಇಲ್ಲ, ಅಪ್ಪನನ್ನೇ ನೋಡುತ್ತಿದ್ದ. ಆಮೇಲೆ ಅದನ್ನು ಬಂದ್ ಮಾಡಿ ಅಪ್ಪನ ಬೆನ್ನ ಹಿಂದೆ ನಿಂತು, "ಕಾಕಾರ, ಯಾವ ಪದ ಹಚ್ಚಿದ್ನಿ?" ಎಂದ. ಅಪ್ಪ ತಿರುಗಲಿಲ್ಲ. ಎದುರಿಗೆ ಬಂದು, ಟವೆಲಿನಿಂದ ಬಾಯಿ ಮುಚ್ಚಿಕೊಂಡು, ಅದನ್ನೇ ಮತ್ತೆ ಕೇಳಿದ.

"ಚೊಲೋ ಐತ್ರಿ," ಎಂದು ಅಪ್ಪ ನಕ್ಕ.

ಅವನು ಟವೆಲ್ ತೆಗೆದು, ಎಲ್ಲರ ಮುಂದೆ ಕಡ್ಡಿ ಮುರಿದ ಹಾಗೆ ಹೇಳಿದ: "ಬಾಕ್ಸಿಂದೇನೂ ತಪ್ಪಿಲ್ರಿ ಅಕ್ಕೋರ. ಕಾಕಾರಿಗೆ ಕಿವಿ ಕೇಳಂಗಿಲ್ಲ, ಬಾಯಿ ನೋಡಿ ಮಾತಾಡ್ತಾರ. ನಾ ಇದನ್ನ ಮಾರಂಗಿಲ್ಲ. ಡಾಕ್ಟರ್ ಕಡೆ ಕರಕೊಂಡ ಹೋಗ್ರಿ."

ಅಪ್ಪ ಅವನ ಬಾಯಿಯನ್ನೇ ನೋಡುತ್ತಿದ್ದ. ತಾಳವನ್ನು ಕೆಳಗಿಟ್ಟು ಎದ್ದು ಒಳಗೆ ಹೋದ. ಮುಂದಿನ ಸೋಮವಾರ ಮೊಣಕಾಲು ನೋವು ಎಂದ. ಅದರ ಮುಂದಿನ ಸೋಮವಾರ ಯಾರೂ ಬರಲಿಲ್ಲ. ಭಜನೆ ಅಲ್ಲಿಗೇ ನಿಂತಿತು.

ನಾನು ಅಂಗಡಿಗೆ ಹೋಗಿ ಬಾಯಿಗೆ ಬಂದಂತೆ ಬೈದೆ. ನನ್ನನ್ನು ಬದಿಗೆ ಕರೆದು ಹೇಳಿದ್ದರೆ ಗಂಟೇನು ಹೋಗುತ್ತಿತ್ತು ಎಂದು ಕೇಳಿದೆ. ಅವನು ಒಂದು ಕಿವಿಯ ಹತ್ತಿ ತೆಗೆದು ಪೂರ್ತಿ ಕೇಳಿಸಿಕೊಂಡ.

"ಬಾಜೂಕ ಕರದು ಹೇಳಿದ್ರ, ನೀವು ಇನ್ನೊಂದು ಬಾಕ್ಸ್ ತರತಿದ್ರಿ," ಎಂದು ಹತ್ತಿಯನ್ನು ಮತ್ತೆ ತುರುಕಿಕೊಂಡ.

ಆಮೇಲೆ ನಾನು ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಅಪ್ಪನನ್ನು ವಿಜಯಪುರಕ್ಕೆ ಕರೆದುಕೊಂಡು ಹೋಗಿ ಕಿವಿಗೆ ಮಷೀನು ಹಾಕಿಸಿದೆ. ಇನ್ನೂ ನಾಲ್ಕು ವರ್ಷ ಮೊದಲೇ ಬರಬೇಕಿತ್ತು ಎಂದರು ಡಾಕ್ಟರು.

ಹೋದ ಚಳಿಗಾಲದಲ್ಲಿ ಅಂಗಡಿಯವನು ಎದೆನೋವಿನಿಂದ ತೀರಿಕೊಂಡ. ನಾನು ಮಣ್ಣಿಗೆ ಹೋಗಲಿಲ್ಲ, ಅಪ್ಪ ಹೋಗಿ ಬಂದ. ಬಂದವನು ಸ್ನಾನ ಮಾಡಿ, ಕಿವಿಗೆ ಮಷೀನು ಹಾಕಿಕೊಂಡು, ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಅಂವಾ ಒಂದು ತಾಸನ್ಯಾಗ ಕಂಡು ಹಿಡದ. ನೀ ಮನ್ಯಾಗ ಇದ್ದಾಕಿ. ನಿನಗ ಗೊತ್ತಿದ್ದಿಲ್ಲೇನವಾ?"

ಅಪ್ಪನನ್ನು ಹಿಂದಿನಿಂದ ಕೂಗುವುದನ್ನು ನಾನು ಎಂದೋ ಬಿಟ್ಟಿದ್ದೆ. ಏನು ಹೇಳುವುದಿದ್ದರೂ ಎದುರಿಗೆ ಹೋಗಿ, ಮುಖಕ್ಕೆ ಮುಖ ಕೊಟ್ಟು, ನಿಧಾನಕ್ಕೆ ಹೇಳುತ್ತಿದ್ದೆ. ನಾಲ್ಕು ವರ್ಷ ಹಾಗೇ ನಡೆಸಿದ್ದೆ.

ಒಲೆಯ ಕಡೆ ತಿರುಗಿಕೊಂಡೇ, ನನಗೇ ಕೇಳಿಸದಷ್ಟು ಮೆಲ್ಲಗೆ, "ಗೊತ್ತಿತ್ತು" ಎಂದೆ.

ಅಪ್ಪನಿಗೆ ಕೇಳಿಸಿತು.